ಶಾಸಕರ ಜೀಪಿನಲ್ಲಿ ಹತ್ತು ವರ್ಷ

ರಾಜಕೀಯದವರ ಜೊತೆ ತಿರುಗುವವನು ನಗಲಿಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನಾನು ಹತ್ತು ವರ್ಷ ನಮ್ಮ ಶಾಸಕರ ಜೀಪು ಓಡಿಸಿದೆ. ತುಂಬ ಒಳ್ಳೆಯ ಮನುಷ್ಯ. ಎರಡು ಸಲ ಗೆದ್ದಿದ್ದರು, ಮೂರನೆಯ ಸಲವೂ ಗೆಲ್ಲಲೇಬೇಕೆಂಬ ಒಂದೇ ಹಟ. ಆ ಹಟ ಅವರನ್ನು ಕುಣಿಸಿತು, ಜೊತೆಗೆ ನನ್ನನ್ನೂ.

ಬೆಲ್ಲ, ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಮುಟ್ಟದಿದ್ದರೆ ಮನೆಯವರಿಗೆ ಬೇಜಾರು. ಶಾಸಕರಿಗೋ ಸಕ್ಕರೆ ಕಾಯಿಲೆ. ಮರ್ಕಂಜದಲ್ಲಿ ಮನೆಮನೆ ಮತ ಕೇಳಲು ಹೊರಟಾಗ ಒಂದು ಉಪಾಯ ಮಾಡಿದರು. ಬೆಲ್ಲದ ತುಂಡು ಎತ್ತಿ, ಬಾಯಿಯ ಹತ್ತಿರ ಒಯ್ದು, ಹಾಗೇ ಬೆನ್ನ ಹಿಂದಿನಿಂದ ನನ್ನ ಕೈಗೆ ದಾಟಿಸುವುದು. ಮನೆಯವರ ಎದುರು ನಾನು ಅದನ್ನು ಎಲ್ಲಿ ಬಿಸಾಡಲಿ? ತಿಂದೆ. ನನ್ನ ಪಾಲಿನದ್ದೂ ತಿಂದೆ. ಸಂಜೆಯೊಳಗೆ ನಲವತ್ತು ಮನೆ ಆಯಿತು.

ಕೆಲವು ತಿಂಗಳಲ್ಲಿ ಡಾಕ್ಟರು ನನಗೂ ಅದೇ ಮಾತ್ರೆ ಬರೆದರು. ಸುದ್ದಿ ಕೇಳಿ ಶಾಸಕರು ಬಹಳ ನೊಂದುಕೊಂಡರು.

"ಛೆ! ಇನ್ನು ಬೆಲ್ಲಕ್ಕೆ ಬೇರೆ ಜನ ನೋಡಬೇಕಲ್ಲ ಮಾರಾಯ."

ಕಬಕದ ಊಟ

ಒಂದೇ ದಿನ ಆರು ಮದುವೆ. ಕಬಕದ ಹತ್ತಿರದ ಸಭಾಭವನದಲ್ಲಿ ಮೇಲೊಂದು, ಕೆಳಗೊಂದು. ಇವರು ಹೋಗಬೇಕಾದದ್ದು ಮೇಲೆ, ಹೋಗಿ ಕೂತದ್ದು ಕೆಳಗೆ. ಎಲೆ ಹಾಕಿ ಅನ್ನ ಬಡಿಸಿದ ಮೇಲೆ, ಪಂಕ್ತಿಯಲ್ಲಿ ವಿಚಾರಿಸುತ್ತ ಬಂದ ಯಜಮಾನರನ್ನು ನೋಡಿದರೆ ಎದುರು ಪಕ್ಷದ ಅಭ್ಯರ್ಥಿ! ಅವರ ಅಣ್ಣನ ಮಗಳ ಮದುವೆ. ಎಲೆ ಬಿಟ್ಟು ಏಳುವುದು ಹೇಗೆ? ಇಬ್ಬರೂ ನಕ್ಕರು.

ಇವರು ಕೈ ತೊಳೆಯುವುದರೊಳಗೆ ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತು: ಶಾಸಕರು ಪಕ್ಷ ಬಿಡುತ್ತಾರಂತೆ! ಬೆಂಗಳೂರಿನಿಂದ ನಾಯಕರ ಫೋನು ಬಂತು.

"ನಿಜ ಹೇಳಿ, ಅವರು ನಿಮಗೆ ಏನು ಕೊಟ್ಟರು?"

"ಅನ್ನ, ಸಾರು, ಎರಡು ಸಲ ಕಡಲೆ ಗಸಿ. ಪಾಯಸ ನಾನೇ ಬೇಡ ಅಂದೆ."

ಸೇತುವೆ ಬದಿಯ ಅಜ್ಜಿ

ಮೂರನೆಯ ಚುನಾವಣೆಯಲ್ಲಿ ಸೋತರು. ಅದೂ ಕೂದಲೆಳೆಯ ಅಂತರದಲ್ಲಿ. ಕೈಕೊಟ್ಟದ್ದು ರಾಮಕುಂಜದ ಆಚೆಯ ಒಂದೇ ಬೂತು. ಇವರೇ ಹೋರಾಡಿ ಸೇತುವೆ ಕಟ್ಟಿಸಿಕೊಟ್ಟ ಊರು ಅದು! ಎರಡು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ "ಕಾರಣ ಗೊತ್ತಾಗದೆ ಸಮಾಧಾನ ಆಗುದಿಲ್ಲ, ಜೀಪು ತೆಗಿ" ಎಂದರು.

ಸೇತುವೆ ಬದಿಯ ಮನೆಯ ಅಜ್ಜಿ ಇವರನ್ನು ಮಗನ ಹಾಗೆ ಕಾಣುವವರು. ಕಂಡ ಕೂಡಲೇ ಕೈ ಹಿಡಿದು ಕಣ್ಣೊರೆಸಿಕೊಂಡರು.

"ಎಷ್ಟು ಸೊರಗಿದ್ದಿ ಮಗಾ! ಹತ್ತು ವರ್ಷದಲ್ಲಿ ಒಂದು ದಿನ ಮನೆಯಲ್ಲಿ ಕೂತದ್ದುಂಟಾ? ಹೊತ್ತಿಗೆ ಸರಿಯಾಗಿ ಉಂಡದ್ದುಂಟಾ? ಇನ್ನೂ ಐದು ವರ್ಷ ಹೀಗೇ ಅಲೆದರೆ ನೀನು ಉಳಿಯುದಿಲ್ಲ. ಹಾಗೆ ನಾವೆಲ್ಲ ಕೂತು ಮಾತಾಡಿ, ನಿನಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ ಆಚೆಯವನಿಗೆ ಓಟು ಹಾಕಿದೆವು."

ಶಾಸಕರು ಮೆಲ್ಲನೆ ಕೇಳಿದರು, "ಊರಿನವರು ಎಲ್ಲರೂ ಹಾಗೇ ಮಾಡಿದಿರಾ ಅಜ್ಜಿ?"

"ಎಲ್ಲರೂ ಮಗಾ. ಒಂದು ಮನೆಯವರು ಮಾತ್ರ ಎಷ್ಟು ಹೇಳಿದರೂ ಕೇಳದೆ ನಿನಗೇ ಹಾಕಿದರು. ಅವರಿಗೆ ಮೊದಲಿಂದಲೂ ನಿನ್ನನ್ನು ಕಂಡರೆ ಆಗುದಿಲ್ಲ."