ಕರಟದ ಗಂಟಲು

ತೋಟಕ್ಕೆ ನುಗ್ಗಿದ ಕೋತಿಗಳನ್ನು ಮೀನಾಕ್ಷಮ್ಮ ಕೂಗಿ ಕೂಗಿ ಓಡಿಸಿದ್ದೇನೋ ಸರಿ, ಅವುಗಳ ಹಿಂದೆಯೇ ಅವಳ ದನಿಯೂ ಓಡಿಹೋಯಿತು. ಎಂಟು ದಿನ ಪಿಸುಮಾತೂ ಕೂಡದು ಎಂದರು ಡಾಕ್ಟರು. ಮೂರನೆಯ ದಿನವೇ, ಭಾನುವಾರ ಹನ್ನೊಂದರ ಬಸ್ಸಿಗೆ, ಮಗಳು ಉಮಾಳನ್ನು ನೋಡಲು ದಬ್ಬೇಘಟ್ಟದಿಂದ ಗಂಡಿನವರು ಬರುವುದಿತ್ತು. ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು.

ಅವತ್ತು ಬೆಳಿಗ್ಗೆ ಮೈದುನ ತೋಂಟದಾರ್ಯ ನಡುಮನೆಯಲ್ಲಿ ತನ್ನ ಸಂಶೋಧನೆ ಹರಡಿಕೊಂಡಿದ್ದ. ಅವನು ತಿಪಟೂರಿನಲ್ಲಿ ಫಿಸಿಕ್ಸ್ ಮೇಷ್ಟರು. ತೂತು ಕೊರೆದ ಕರಟದ ಬಾಯಿಗೆ ಸೈಕಲ್ ಟ್ಯೂಬಿನ ಎರಡು ಪಟ್ಟಿ ಬಿಗಿದು, ಹಿಂದೆ ಪಂಪು ಸಿಕ್ಕಿಸಿದ್ದ.

"ಅತ್ತಿಗೆ, ನಮ್ಮ ಗಂಟಲಲ್ಲೂ ಇಂಥವೇ ಎರಡು ಮಡಿಕೆ. ಕೆಳಗಿಂದ ಗಾಳಿ ನುಗ್ಗಿದ್ರೆ ಸರೀತವೆ, ದಾಟ್ತಿದ್ದಂಗೆ ಬಡ್ಕೊಂಡು ಮುಚ್ಕೊಳ್ತವೆ. ಹೆಂಗಸರು ಮಾತಾಡುವಾಗ ಸೆಕೆಂಡಿಗೆ ಇನ್ನೂರು ಸಲ. ಆ ಗಾಳಿ ಹೆಂಗೆ ಹರೀತದೆ ಅಂತ ನಾನು ಹಿಡೀಬೇಕು."

ಮೀನಾಕ್ಷಮ್ಮ ದಂಗಾದಳು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಒಂದೊಂದು ಮಾತನ್ನೂ ಮೂರು ಮೂರು ಸಲ ಹೇಳಿದ್ದಳು. ಒಳಗೆ ಎಷ್ಟು ಏಟು ಬಿದ್ದಿರಬೇಡ. ಕೇಳಿಸಿಕೊಳ್ಳದವರಿಗೆ ಒಂದೂ ಇಲ್ಲ.

"ನೀನು ತುಟಿ ಬಿಚ್ಚಬ್ಯಾಡ ಕಣೇ, ನಾನು ಮಾತಾಡ್ತೀನಿ ಬುಡು," ಎಂದು ಪಕ್ಕದ ಮನೆ ಗಂಗಕ್ಕ ಸೆರಗು ಸಿಕ್ಕಿಸಿ ನಿಂತಳು.

ಬಂದವರು ಕೂತರು. ಗಂಡಿನ ತಾಯಿ ಗುರುಸಿದ್ದಮ್ಮ ಕೇಳಿದರು: "ಯಾಕ್ರೀ, ಹೆಣ್ಣಿನ ತಾಯಿ ಮಾತೇ ಆಡ್ತಿಲ್ಲ?"

ಕೂಗಿ ಗಂಟಲು ಕೆಟ್ಟಿದೆ ಎಂದರೆ ಬಾಯಿ ಜೋರು ಎಂದುಕೊಂಡಾರು ಎಂದು ಗಂಗಕ್ಕನಿಗೆ ಹೊಳೆಯಿತು. "ಹುಟ್ಟಿದಾಗಿಂದ್ಲೂ ಹಿಂಗೇ ಕಣ್ರೀ. ಮಾತು ಬರಕ್ಕಿಲ್ಲ."

ಮೀನಾಕ್ಷಮ್ಮನ ಕೈಯಲ್ಲಿದ್ದ ತಟ್ಟೆ ವಾಲಿ ಉಪ್ಪಿಟ್ಟು ಗಂಡಿನ ಪಾದಕ್ಕೆ ಬಿತ್ತು. ನಿಜ ಹೇಳಪ್ಪ ಎಂಬಂತೆ ಅವಳು ಮೈದುನನ ತೋಳು ಹಿಡಿದು ಜಗ್ಗಿದಳು. ಅತ್ತಿಗೆಗೆ ಕಡೆಗೂ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿತೆಂದು ಹಿಗ್ಗಿದ ಅವನು ಕರಟ ತಂದು ಪಂಪು ಒತ್ತಿದ. ಈಯಲು ನಿಂತ ಎಮ್ಮೆಯ ಹಾಗೆ ಅದು ಅರಚಿತು. ಗಂಡಿನ ತಂದೆಯ ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಇದು ಗಂಟಲಿನ ಮಾದರಿ," ಎಂದ ತೋಂಟದಾರ್ಯ.

"ಅದೇ ಕಣ್ರೀ," ಎಂದಳು ಗಂಗಕ್ಕ, "ಅತ್ತಿಗೆ ಮಾತಾಡ್ಲಿ ಅಂತ ಮಾಡ್ಕೊಟ್ಟವ್ನೆ."

ಮೀನಾಕ್ಷಮ್ಮ ಕಂಬಕ್ಕೆ ಒರಗಿದಳು. ಮೂರನೆಯ ಸಂಬಂಧವೂ ಹೋಯಿತು.

ಗುರುಸಿದ್ದಮ್ಮ ಅವಳ ಕಡೆ ತಿರುಗಿದರು. "ನಮ್ಮ ದೊಡ್ಡ ಸೊಸೆ ತಾಯಿ ಬಂದು ಬಂದು ಮಾತಾಡಿಯೇ ನಮ್ಮನೆ ಎರಡು ಭಾಗ ಮಾಡಿದ್ಲು. ನಂಗೆ ಇಂಥ ಬೀಗಿತ್ತಿನೇ ಬೇಕಾಗಿತ್ತು. ಒಪ್ಪಿಗೆ ಕಣ್ರೀ."

ತಾಂಬೂಲ ಪಡೆದು ಅವರು ಬಾಗಿಲು ದಾಟಿದರು. ಮೀನಾಕ್ಷಮ್ಮ ಡಾಕ್ಟರನ್ನೂ ಮರೆತು "ಶಿವನೇ" ಎಂದಳು. ದನಿ ಗಂಟೆಯ ಹಾಗೆ ಹೊರಟಿತು. ಅವಳಿಗೇ ಗಾಬರಿಯಾಯಿತು.

ಉಮಾ ಓಡಿಬಂದು ತಾಯಿಯ ಬಾಯಿಗೆ ಅಂಗೈ ಒತ್ತಿದಳು. "ಸುಮ್ನಿರಮ್ಮ."

ಎಷ್ಟು ದಿನ ಎಂದು ಮೀನಾಕ್ಷಮ್ಮ ಬೆರಳು ಮಡಿಸಿ ಕೇಳಿದಳು.

"ನಾನು ಆ ಮನೇಲಿ ಬಾಳೋವರ್ಗೂ ಕಣಮ್ಮ."