ಅಳಿಯನ ಫ್ಲೆಕ್ಸು, ಸೇನೆಯ ಫೋನು

ಗುಟ್ಟು ಕಾಪಾಡುವುದರಲ್ಲಿ ಇಡೀ ಸಹಕಾರನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿದ್ದವನು ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ನನ್ನ ಅಳಿಯ ಕಿರಣ್ ಸೇನೆಯಲ್ಲಿದ್ದಾರೆ. ಸೀಮಂತದ ದಿನ ಗಂಡ ಪಕ್ಕದಲ್ಲಿ ಕೂರಬೇಕೆಂದು ಮಗಳು ಮೇಘಾ ತಿಂಗಳಿಂದ ಆಸೆಪಟ್ಟಿದ್ದಳು. ಕೊನೆಗೂ ಫೋನ್ ಬಂತು.

"ಮಾವ, ರಜೆ ಸಿಕ್ತು. ನಮ್ ಯೂನಿಟ್ಟೇ ಬೇರೆ ಊರಿಗೆ ಹೋಗ್ತಿದೆ, ದಾರೀಲಿ ಇಳ್ಕೊಂಡ್ ಬರ್ತೀನಿ. ಯಾರಿಗೂ ಹೇಳ್ಬೇಡಿ."

ಯಾವ ರೈಲು, ಎಷ್ಟು ಗಂಟೆಗೆ ಎಂದು ಕೇಳಿದೆ. ಮಾವನಿಗೆ ಇಲ್ಲ ಎನ್ನಲಾರದೆ ಪಾಪ, ಟಿಕೆಟ್ಟನ್ನೇ ಕಳಿಸಿದರು.

ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಫ್ಲೆಕ್ಸ್ ಹಾಕಿಸಿದೆ, ಅಷ್ಟೇ.

ಪುಢಾರಿಗಳ ಹುಟ್ಟುಹಬ್ಬಕ್ಕೆಲ್ಲ ಫ್ಲೆಕ್ಸ್ ಏಳುವ ಊರಿನಲ್ಲಿ ದೇಶ ಕಾಯುವವರಿಗೆ ಒಂದು ಬೇಡವೇ? ಸಮವಸ್ತ್ರದ ಫೋಟೊ, ಯೂನಿಟ್ಟಿನ ಹೆಸರು, ಎಲ್ಲಿಂದ ಎಲ್ಲಿಗೆ, ಯಶವಂತಪುರಕ್ಕೆ ಬರುವ ಸಮಯ, ಕೆಳಗೆ "ಸ್ವಾಗತ ಕೋರುವವರು" ಎಂದು ಫೋನ್ ನಂಬರ್ ಸಮೇತ ನಾನು. ನನ್ನ ಫೋಟೊ ಅಳಿಯನದಕ್ಕಿಂತ ದೊಡ್ಡದಾಗಿದ್ದು ಅಂಗಡಿಯವನ ತಪ್ಪು. ಗೇಟಿಗೆ ಕಟ್ಟಿಸಿದೆ. ಎದುರುಮನೆಯವರು ಅದರ ಚಿತ್ರ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು.

ಮರುದಿನವೇ ಫೋನು. "ಸೇನೆಯ ಮಾಹಿತಿ ಭದ್ರತೆ ನೋಡ್ಕೊಳ್ಳೋ ಕಡೆಯಿಂದ ಮಾತಾಡ್ತಿದೀನಿ. ಆ ಬೋರ್ಡ್ ಹಾಕ್ಸಿದ್ದು ನೀವೇನಾ?"

ಅಭಿನಂದಿಸಲು ಕರೆದಿದ್ದಾರೆಂದುಕೊಂಡೆ. "ನಾನೇ ಸರ್. ಬೇಕಾದ್ರೆ ಟಿಕೆಟ್ಟೂ ಕಳಿಸ್ತೀನಿ. ಅಳಿಯಂದ್ರೇ ಕೊಟ್ಟಿದ್ದು."

"ಅಳಿಯಂದ್ರೇ ಕೊಟ್ಟಿದ್ದಾ?" ಎಂದು ಎರಡೆರಡು ಸಲ ಕೇಳಿ ಬರೆದುಕೊಂಡರು.

ಸಂಜೆಯೊಳಗೆ ಇಡೀ ಯೂನಿಟ್ಟಿನ ಪ್ರಯಾಣದ ದಿನ ಬದಲಾಯಿತು. ಅಳಿಯನಿಗೆ ಛೀಮಾರಿಯಾಗಿ, ರಜೆಯೂ ರದ್ದಾಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. "ಗಡಿ ಕಾಯೋದ್ ಬಿಟ್ಟು ನನ್ ಗೇಟ್ ಕಾಯ್ತಾರಾ? ಯಾವ ಶತ್ರು ಕಣೇ ನಮ್ ಅಡ್ಡರಸ್ತೆಗೆ ಬಂದು ಇದನ್ನ ಓದ್ತಾನೆ?"

"ಅವ್ನ್ಯಾಕ್ರೀ ಬರ್ಬೇಕು? ಫೇಸ್‌ಬುಕ್ಕಲ್ಲಿ ಅವನಿರೋ ಕಡೆಗೇ ತಲುಪಿಸಿದೀರಲ್ಲ" ಎಂದಳು ಹೆಂಡತಿ ಸರೋಜ.

ಮೇಘಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ವಾಸಿಯಿತ್ತು. ನಾನೇ ಹೋಗಿ ಫ್ಲೆಕ್ಸ್ ಬಿಚ್ಚಿದೆ.

ಪುರೋಹಿತರು ಸೀಮಂತಕ್ಕೆ ಇನ್ನೊಂದು ದಿನ ನೋಡಿಕೊಟ್ಟರು. ಅಳಿಯಂದಿರು ಬರುತ್ತಾರೋ ಎಂದು ದಿನವೂ ಕೇಳಿದೆ. "ಗೊತ್ತಿಲ್ರೀ" ಎಂದು ಸರೋಜ ದಿನವೂ ಹೇಳಿದಳು.

ಸೀಮಂತದ ಬೆಳಗ್ಗೆ ಹೂವು ತಂದು ಒಳಗೆ ಕಾಲಿಟ್ಟರೆ, ಕಿರಣ್ ಕೂತು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಮೇಘಾ, ಮುಖದ ತುಂಬ ನಗು.

"ಬರೋದು ಯಾವಾಗ ಗೊತ್ತಾಯ್ತು?" ಎಂದು ಸಿಡುಕಿದೆ.

"ಹದಿನೈದು ದಿನ ಆಯ್ತಪ್ಪ. ತಿಳ್ಕೋಬೇಕಾದವ್ರಿಗೆ ಮಾತ್ರ ಹೇಳ್ಬೇಕು ಅನ್ನೋದು ಇವರ ಸೇನೇಲಿ ಪದ್ಧತಿ" ಎಂದಳು ಮೇಘಾ.

ವಿಚಾರಿಸಿದೆ. ಸರೋಜಳಿಗೆ ಗೊತ್ತಿತ್ತು. ಪುರೋಹಿತರಿಗೆ ಗೊತ್ತಿತ್ತು. ಅಡುಗೆಯವರಿಗೂ, ಬಳೆ ತೊಡಿಸಲು ಬಂದಾಕೆಗೂ ಗೊತ್ತಿತ್ತು. ಮನೆಯ ಯಜಮಾನ ಎನಿಸಿಕೊಂಡವನಿಗೆ ಹೇಳಬೇಡಿ ಎಂದು ಅಷ್ಟೂ ಜನರಿಗೆ ಮೇಘಾ ಬೇರೆ ಬೇರೆಯಾಗಿ ಹೇಳಿಟ್ಟಿದ್ದಳಂತೆ. ಹದಿನೈದು ದಿನ ಅವರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.