ಮುನ್ನೂರರೊಳಗಿನ ಬ್ಯಾಗು

ಯಾರು ಎಷ್ಟು ರೇಟು ಹೇಳಿದರೂ ಅದರಲ್ಲಿ ಅರ್ಧ ಸುಳ್ಳು ಎಂದು ನಂಬಿ ಬದುಕುವವರಿಗೆ ಇಂಥ ಪ್ರಸಂಗಗಳು ತಪ್ಪುವುದೇ ಇಲ್ಲ. ನಾನೇನೂ ಹುಟ್ಟಾ ಅನುಮಾನದವಳಲ್ಲ, ದೆಹಲಿಗೆ ಬಂದ ಮೇಲೆ ಹೀಗಾದೆ. ಅಲ್ಲಿನ ರೋಹಿಣಿ ಬಡಾವಣೆಯಲ್ಲಿ ಮನೆ ಮಾಡಿದ ಮೊದಲ ವಾರವೇ 'ಪಕ್ಕಾ ಬಣ್ಣ' ಎಂದು ನಂಬಿ ಕೊಂಡ ದುಪಟ್ಟಾ, ಒಂದೇ ಒಗೆತದಲ್ಲಿ ನಮ್ಮವರ ಐದು ಆಫೀಸ್ ಶರ್ಟುಗಳನ್ನು ಗುಲಾಬಿ ಮಾಡಿತು. ಅಂದಿನಿಂದ ನಾನು ತಕ್ಕಡಿಯನ್ನೂ ನಂಬುವುದಿಲ್ಲ, ಅದನ್ನು ಹಿಡಿದ ಕೈಯನ್ನೂ ನಂಬುವುದಿಲ್ಲ.

ನಮ್ಮವರು ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅವರ ಸ್ವಭಾವ ನನಗೆ ತದ್ವಿರುದ್ಧ. ಅಂಗಡಿಯವ ರೇಟು ಹೇಳಿ ಮುಗಿಸುವ ಮೊದಲೇ 'ಅಚ್ಛಾ' ಎಂದು ಜೇಬಿಗೆ ಕೈ ಹಾಕುತ್ತಾರೆ. ಆ ಗುಲಾಬಿ ಶರ್ಟುಗಳನ್ನೂ ಒಂದು ವರ್ಷ ಹಾಕಿಕೊಂಡು ಹೋದರು.

ಅಪರಿಚಿತರು

ಇಂಥವರನ್ನು ಕಟ್ಟಿಕೊಂಡು ವಾರದ ಸಂತೆ ಮಾಡಲು ನಾನೊಂದು ಉಪಾಯ ಹೂಡಿದೆ. ಮೊದಲು ನಾನೊಬ್ಬಳೇ ಹೋಗಿ, ನೂರೈವತ್ತರ ಬೆಡ್‌ಶೀಟನ್ನು ನಲವತ್ತಕ್ಕೆ ಕೇಳಿ, ನೂರು ಹುಳುಕು ತೆಗೆದು, ಮುಖ ಸಿಂಡರಿಸಿಕೊಂಡು ವಾಪಸ್ ಬರುವುದು. ಐದು ನಿಮಿಷ ಬಿಟ್ಟು, ನನ್ನ ಗುರುತೇ ಇಲ್ಲದವರಂತೆ ಇವರು ಹೋಗಿ ಎಪ್ಪತ್ತಕ್ಕೆ ಕೇಳುವುದು. ನನ್ನ ಹಿಂದೆ ಯಾರೇ ಬಂದರೂ ಅಂಗಡಿ ಭಯ್ಯಾಗಳ ಕಣ್ಣಿಗೆ ದೇವರ ಹಾಗೆ ಕಾಣುತ್ತಿದ್ದರು. ತಕರಾರಿಲ್ಲದೆ ಕೊಟ್ಟುಬಿಡುತ್ತಿದ್ದರು.

ಒಂದು ಸಂಜೆ ಇವರು ಬೆಡ್‌ಶೀಟ್ ಹಿಡಿದು ಸಪ್ಪೆ ಮುಖ ಮಾಡಿಕೊಂಡು ಬಂದರು.

"ಎಷ್ಟಕ್ಕೆ ಕೊಟ್ಟ?" ಎಂದೆ.

"ನೂರೈವತ್ತಕ್ಕೆ."

"ಎಪ್ಪತ್ತಕ್ಕೆ ಕೇಳಿ ಅಂತ ಹೇಳಿದ್ದೆ ಅಲ್ವಾ!"

"ಕೇಳೋಕೆ ಬಾಯಿ ಬರಲಿಲ್ಲ ಕಣೆ. ಪಾಪ, ಬಹಳ ನೊಂದುಕೊಂಡಿದ್ದ. ಈಗ ತಾನೇ ಯಾರೋ ಒಬ್ಬಳು ಹೆಂಗಸು ಬಂದು ಬಾಯಿಗೆ ಬಂದ ಹಾಗೆ ಅಂದು ಹೋದಳಂತೆ!"

ಬೆಳಕಿಗೆ ಹಿಡಿದ ನೋಟು

ಕಾರ್ಖಾನೆಗೆ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದನ್ನು ಕಲಿಯಲು ಇವರನ್ನು ಒಂದು ವಾರ ಬ್ಯಾಂಕಾಕಿಗೆ ಕಳಿಸುವುದೆಂದಾಯಿತು. ನಾನೂ ಹೊರಟೆ. ಇಬ್ಬರಿಗೂ ಅದು ಮೊದಲ ವಿದೇಶ ಪ್ರಯಾಣ.

ಸುದ್ದಿ ಕೇಳಿದ್ದೇ ತಡ, ಮೇಲಿನ ಮಹಡಿಯ ಆಂಟಿ ಒಂದು ಬ್ಯಾಗು ಹಿಡಿದು ಇಳಿದು ಬಂದರು. ಆನೆಗಳ ಕಸೂತಿ ಇದ್ದ ಬಟ್ಟೆಯ ಬ್ಯಾಗು, ಬ್ಯಾಂಕಾಕಿನದೇ. "ತೀನ್ ಸೌ ಬಾತ್ ಮೇ ಲಾಯೀ ಥೀ. ನೀವು ಇದಕ್ಕಿಂತ ಕಡಿಮೆಗೆ ತಂದರೆ ನೋಡೋಣ" ಎಂದು ನಕ್ಕರು. ಬಾತ್ ಅಂದರೆ ಅಲ್ಲಿನ ದುಡ್ಡು; ಅವರು ಮುನ್ನೂರಕ್ಕೆ ತಂದಿದ್ದರಂತೆ. ಮಿಕ್ಸಿಯಿಂದ ಮದುವೆ ಸೀರೆಯವರೆಗೆ ಏನೇ ಕೊಳ್ಳುವುದಿದ್ದರೂ ನಮ್ಮ ಬ್ಲಾಕಿನವರೆಲ್ಲ ಚೌಕಾಸಿಗೆ ನನ್ನನ್ನೇ ಕರೆದೊಯ್ಯುತ್ತಿದ್ದರು. ಈಗ ಮುನ್ನೂರ ಹತ್ತು ಕೊಟ್ಟು ಬಂದರೂ ನನ್ನ ಮರ್ಯಾದೆ ಮಣ್ಣುಪಾಲು. ನಿಜ ಹೇಳುತ್ತೇನೆ, ನನಗೆ ವಿಮಾನಕ್ಕಿಂತ ಆ ಬ್ಯಾಗಿನದೇ ಹೆದರಿಕೆಯಾಗಿತ್ತು.

ಹೊರಡುವ ಮುಂಚೆ ದುಡ್ಡು ಬದಲಾಯಿಸಲು ಹೋದೆವು. ಕೌಂಟರಿನವನು ಕೊಟ್ಟ ಬಾತ್ ನೋಟುಗಳನ್ನು ನಾನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದೆ. ತಿರುಗಿಸಿ ನೋಡಿದೆ, ಉಗುರಿನಿಂದ ಕೆರೆದು ನೋಡಿದೆ. ಹಿಂದೆ ಕ್ಯೂ ಬೆಳೆಯಿತು.

"ಏನು ನೋಡ್ತಿದ್ದೀರಿ ಮೇಡಂ?" ಎಂದ.

"ಅಸಲಿಯೋ ನಕಲಿಯೋ ಅಂತ."

"ಅಸಲಿ ನೋಟು ಹೇಗಿರುತ್ತೆ, ನೋಡಿದ್ದೀರಾ?"

"ಇಲ್ಲ. ಅದಕ್ಕೇ ಇಷ್ಟು ಹೊತ್ತು ಹಿಡೀತಾ ಇದೆ" ಎಂದೆ.

ಹತ್ತು ಹೆಜ್ಜೆ

ಬ್ಯಾಂಕಾಕಿನ ಸಂತೆಗೆ ಕಾಲಿಟ್ಟ ಕೂಡಲೇ ನನ್ನ ವಿದ್ಯೆಯೆಲ್ಲ ಕೈಕೊಟ್ಟಿತು. ದೆಹಲಿಯಲ್ಲಾದರೆ ವ್ಯಾಪಾರಿಗೆ ಸಿಟ್ಟು ಬಂದು ಬಟ್ಟೆ ಕಸಿದುಕೊಂಡ ಅಂದರೆ ಅಸಲು ದರದ ಹತ್ತಿರ ಬಂದೆವು ಎಂದರ್ಥ. ಇಲ್ಲಿ ಎಷ್ಟು ಕಡಿಮೆಗೆ ಕೇಳಿದರೂ ನಗುತ್ತಾರೆ! ನಗುತ್ತಿದ್ದಾರೆಂದರೆ ಇನ್ನೂ ಲಾಭದಲ್ಲೇ ಇದ್ದಾರೆ ಎಂದು ನನಗೆ ಹೊಟ್ಟೆ ಉರಿಯಿತು.

ಆನೆ ಬ್ಯಾಗು ಸಿಕ್ಕಿತು. ಅಂಗಡಿಯ ಹುಡುಗಿ ಕ್ಯಾಲ್ಕ್ಯುಲೇಟರಿನಲ್ಲಿ ನಾನೂರು ಒತ್ತಿ ತೋರಿಸಿದಳು. ನಾನು ನೂರು ಒತ್ತಿದೆ. ನಕ್ಕಳು. ನಾನು ಬ್ಯಾಗನ್ನು ಎಸೆದು, "ಚಲೋ ರೀ" ಎಂದು ಇವರನ್ನು ಎಳೆದುಕೊಂಡು ಹೊರಟೆ. ರೋಹಿಣಿಯಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ "ಆಜಾವೋ ಬೆಹೆನ್‌ಜೀ" ಎಂಬ ಕೂಗು ಕೇಳಲೇಬೇಕು. ಇಲ್ಲಿ ಹತ್ತಾಯಿತು, ಇಪ್ಪತ್ತಾಯಿತು, ಯಾರೂ ಕರೆಯಲಿಲ್ಲ.

"ಕಿವಿ ಕೇಳಲ್ವೇನೋ ಅವಳಿಗೆ" ಎಂದು ತಿರುಗಿ ನೋಡಿದೆ.

ಆ ಹುಡುಗಿ ಎದ್ದು ನಿಂತು, ಎರಡೂ ಕೈ ಬೀಸಿ ನಮಗೆ ಟಾಟಾ ಮಾಡುತ್ತಿದ್ದಳು.

ಗಾರ್ಡಿನ ಕೋಣೆ

ಕೊನೆಯ ದಿನ ಬಂತು. ಸಂಜೆಗೆ ವಿಮಾನ, ಬ್ಯಾಗು ಇನ್ನೂ ಸಿಕ್ಕಿಲ್ಲ. ನಮ್ಮ ರೋಹಿಣಿಯ ಉಪಾಯವನ್ನೇ ಮಾಡೋಣ ಎಂದು ಇವರಿಗೆ ಖಡಾಖಂಡಿತವಾಗಿ ಹೇಳಿದೆ: "ಏನೇ ಆದರೂ ನೀವು ಯಾರೋ, ನಾನು ಯಾರೋ."

ಸಂತೆಯ ಇನ್ನೊಂದು ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬಳ ಅಂಗಡಿಯಲ್ಲಿ ಅದೇ ಬ್ಯಾಗಿತ್ತು. ನಾನೂರೈವತ್ತರಿಂದ ಶುರುವಾದ ಚೌಕಾಸಿ ಮುನ್ನೂರ ಇಪ್ಪತ್ತಕ್ಕೆ ಬಂದು ನಿಂತಿತು. ಇವರು ನಾನು ತಪ್ಪಿಸಿಕೊಂಡೇನೆಂಬ ಭಯಕ್ಕೆ ದೂರ ಹೋಗದೆ, ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ್ದ ಪ್ಯಾಂಟುಗಳ ನಡುವೆ ನಿಂತು ಇಣುಕುತ್ತಿದ್ದರು. ನಾನು ಆ ಕಡೆ ಸರಿದರೆ ಇವರೂ ಆ ಕಡೆ, ಈ ಕಡೆ ಸರಿದರೆ ಇವರೂ ಈ ಕಡೆ.

ಮುದುಕಿ ಅದನ್ನು ನೋಡಿದಳು. ನನಗಿಂತ ಹೆಚ್ಚು ಅನುಮಾನದ ಕಣ್ಣನ್ನು ನಾನು ಮೊದಲ ಬಾರಿಗೆ ಕಂಡೆ. ಬಗ್ಗಿ, ಹರಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು: "ಮೇಡಂ, ಆ ಮನುಷ್ಯ ಆಗಿನಿಂದ ನಿಮ್ಮ ಹಿಂದೆಯೇ ಇದ್ದಾನೆ. ನಿಮಗೆ ಗೊತ್ತಿರುವವನಾ?"

ಹೌದು ಎಂದರೆ ಉಪಾಯ ಬಯಲಾಗುತ್ತದೆ, ರೇಟು ಅಲ್ಲೇ ನಿಲ್ಲುತ್ತದೆ. "ಗೊತ್ತಿಲ್ಲ" ಎಂದೆ.

ಅವಳು ಕೈ ತಟ್ಟಿ ಸಂತೆಯ ಗಾರ್ಡನ್ನು ಕರೆದಳು. ಅವನು ಪ್ಯಾಂಟುಗಳ ನಡುವಿನಿಂದ ಇವರನ್ನು ಈಚೆಗೆಳೆದ. "ಅಯ್ಯೋ, ಅವಳು ನನ್ನ ಹೆಂಡತಿ" ಎಂದು ಇವರು ಇಂಗ್ಲಿಷಿನಲ್ಲಿ ಕೂಗಿದರು. ಗಾರ್ಡು ನನ್ನ ಮುಖ ನೋಡಿದ. ಅದೇ ಹೊತ್ತಿಗೆ ಮುದುಕಿ ಕನಿಕರದಿಂದ ಕ್ಯಾಲ್ಕ್ಯುಲೇಟರಿನಲ್ಲಿ ಮುನ್ನೂರು ಒತ್ತಿದಳು. ಇನ್ನೊಂದು ಚೂರು ಇಳಿದರೆ ಸಾಕಿತ್ತು.

"ಹೇಳೇ!" ಎಂದರು ಇವರು, ಕನ್ನಡದಲ್ಲಿ.

ನಾನು ಕಣ್ಣು ಕೆಂಪಗೆ ಮಾಡಿ, ಬೈಯುವ ದನಿಯಲ್ಲಿ ಕನ್ನಡದಲ್ಲೇ ಹೇಳಿದೆ: "ಐದು ನಿಮಿಷ ಅವರ ಜೊತೆ ಹೋಗಿರ್ರೀ, ರೇಟು ಇಳೀತಾ ಇದೆ!"

ಗಾರ್ಡು ಅದನ್ನು ಬೈಗುಳವೆಂದೇ ತಿಳಿದು ಇವರನ್ನು ಎಳೆದುಕೊಂಡು ಹೋದ. ಮುದುಕಿ ನನ್ನ ಬೆನ್ನು ಸವರಿ, ನೀರು ಕುಡಿಸಿ, ಹೆಣ್ಣುಮಗಳು ಪರದೇಶಕ್ಕೆ ಒಬ್ಬಳೇ ಬಂದಿದ್ದೀಯ ಎಂದು ಮರುಗಿ ಇನ್ನೂರೈವತ್ತಕ್ಕೆ ಕೊಟ್ಟಳು. ನನಗೆ ನಾಚಿಕೆಯೂ ಆಯಿತು, ಆನಂದವೂ ಆಯಿತು. ಆನಂದ ಸ್ವಲ್ಪ ಜಾಸ್ತಿಯೇ ಆಯಿತು.

ಬ್ಯಾಗು ಅವಚಿಕೊಂಡು ಗಾರ್ಡಿನ ಕೋಣೆಗೆ ಓಡಿದೆ. "ಇವರು ನನ್ನ ಗಂಡ, ಬಿಟ್ಟುಬಿಡಿ" ಎಂದೆ.

ಗಾರ್ಡು ನಂಬಲಿಲ್ಲ. "ಈಗ ತಾನೇ ಗೊತ್ತಿಲ್ಲ ಅಂದಿರಂತಲ್ಲ. ಹೆದರಬೇಡಿ ಮೇಡಂ, ಇವನೇನಾದರೂ ಬೆದರಿಸಿದನಾ?" ಎಂದು ಕೇಳಿ, ಇವರ ಕಡೆ ತಿರುಗಿದ. "ನಿಜ ಹೇಳು. ಈಕೆ ನಿನ್ನ ಹೆಂಡತಿಯಾ?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಇವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಬ್ಯಾಗನ್ನು ನೋಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ಎದುರಿಗಿದ್ದವರ ಮಾತಿಗೆ 'ಅಚ್ಛಾ' ಎನ್ನಲಿಲ್ಲ.

"ಮೊದಲು ಎಷ್ಟಕ್ಕೆ ಬಂತು ಹೇಳು" ಎಂದರು. "ಹೆಂಡತಿ ಹೌದೋ ಅಲ್ವೋ, ಆಮೇಲೆ ನೋಡೋಣ."